ಅಲ್ಲಿ ಟಾಯ್ಲೆಟ್ಟಲ್ಲಿ ನೀರು ಇರುತ್ತಾ? ಹೊರದೇಶಕ್ಕೆ ಹೊರಟ ಹೆಂಗಸರಿಗೆ

ಹೋದ ತಿಂಗಳು ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ಮೂರು ತಿಂಗಳು ಮಗನ ಮನೆಯಲ್ಲಿರಲು ಜರ್ಮನಿಗೆ ಹೊರಟಿದ್ದಾರೆ. ಅಲ್ಲಿಂದ ಸ್ವಿಟ್ಜರ್ಲೆಂಡ್, ಇಟಲಿ, ಪ್ಯಾರಿಸ್ ಎಲ್ಲ ತೋರಿಸುತ್ತೇನೆ ಅಂತ ಮಗ ಹೇಳಿದ್ದಾನೆ. ವೀಸಾ ಬಂದಿದೆ, ಸ್ವೆಟರ್ ಕೊಂಡಾಗಿದೆ, ಚಟ್ನಿಪುಡಿ ಕಟ್ಟಿಟ್ಟಾಗಿದೆ. ಅರ್ಧ ಗಂಟೆ ಅದೂ ಇದೂ ಮಾತಾಡಿ, ಫೋನ್ ಇಡುವ ಮುಂಚೆ ದನಿ ತಗ್ಗಿಸಿ ಕೇಳಿದರು: "ಅಲ್ಲ ಕಣೇ, ಅಲ್ಲಿ ಟಾಯ್ಲೆಟ್ಟಲ್ಲಿ ನೀರು ಇರುತ್ತಾ?"

ನನಗೆ ಈ ಪ್ರಶ್ನೆ ಹೊಸದಲ್ಲ. ನಾನು ಕೆಲವು ವರ್ಷ ಜರ್ಮನಿಯಲ್ಲಿದ್ದವಳು, ಹಾಗಾಗಿ ಯಾರೇ ಆ ಕಡೆ ಹೊರಟರೂ ಒಂದು ಫೋನ್ ಬರುತ್ತದೆ. ಹೆಂಗಸರೆಲ್ಲ ಇದನ್ನು ಕೊನೆಯಲ್ಲೇ ಕೇಳುತ್ತಾರೆ, ಮೆಲ್ಲಗೇ ಕೇಳುತ್ತಾರೆ. ಟೂರಿಗೆ ಹೊರಡುವವರ ಕೈಗೆ ಸಿಗುವ ಪಟ್ಟಿಯಲ್ಲಿ ಕಾಲುಚೀಲದಿಂದ ಹಿಡಿದು ಚಾರ್ಜರಿನ ಪ್ಲಗ್ಗಿನವರೆಗೆ ಎಲ್ಲವೂ ಇರುತ್ತದೆ, ಇದೊಂದು ಮಾತ್ರ ಇರುವುದಿಲ್ಲ. ಕೇಳುವವರಿಗೂ ಮುಜುಗರ, ಹೇಳುವವರಿಗೂ ಮುಜುಗರ. ಅತ್ತೆಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬುಡದಿಂದ, ಬಿಡಿಸಿ ಬರೆಯುತ್ತಿದ್ದೇನೆ.

## ಮೊದಲನೆಯದು: ನೀರು ಕುಡಿಯುವುದನ್ನು ನಿಲ್ಲಿಸಬೇಡಿ

ನಮ್ಮಮ್ಮ ಜರ್ಮನಿಗೆ ಬಂದಿದ್ದಾಗ ಬಸ್ಸಿನಲ್ಲಿ ಒಂದು ವಾರದ ಪ್ರವಾಸ ಹೋಗಿದ್ದೆವು. ಮೊದಲ ದಿನವೇ ಹೆದ್ದಾರಿ ಪಕ್ಕದ ಟಾಯ್ಲೆಟ್ ನೋಡಿ ಅಮ್ಮ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು, ನನಗೆ ಹೇಳಲಿಲ್ಲ ಅಷ್ಟೇ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ರಾತ್ರಿ ಹೋಟೆಲ್ ಸೇರುವ ತನಕ ಒಂದು ಗುಟುಕು ನೀರೂ ಇಲ್ಲ. ನಾಲ್ಕನೇ ದಿನ ತಲೆನೋವು, ಉರಿಮೂತ್ರ, ಚಳಿಜ್ವರ. ಪ್ರವಾಸ ಅಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾಯಿತು. ಆ ದಿನ ನನಗೆ ಆದ ಸಂಕಟ ಇವತ್ತಿಗೂ ಮರೆತಿಲ್ಲ. ಟಾಯ್ಲೆಟ್ ಹೇಗಿರುತ್ತದೆ ಅಂತ ಮೊದಲೇ ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಸಾಕಿತ್ತು.

ಇದು ಹೀಗೇಕೆ ಆಗುತ್ತದೆ ಅಂದರೆ, ಹೆಂಗಸರ ಮೂತ್ರನಾಳ ತುಂಬ ಗಿಡ್ಡ, ಸುಮಾರು 4 ಸೆಂಟಿಮೀಟರ್. ಗಂಡಸರದ್ದು ಸುಮಾರು 20. ನಮ್ಮದೇ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಆ ಗಿಡ್ಡ ದಾರಿಯಲ್ಲಿ ಸುಲಭವಾಗಿ ಮೇಲಕ್ಕೆ ಹೋಗುತ್ತದೆ. ಆಗಾಗ ಮೂತ್ರ ಮಾಡುತ್ತಿದ್ದರೆ ಅದು ಕೊಚ್ಚಿಕೊಂಡು ಹೊರಗೆ ಬರುತ್ತದೆ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಕೂತರೆ ಅಲ್ಲೇ ಬೆಳೆಯುತ್ತದೆ. ಮೋರಿಯಲ್ಲಿ ನೀರು ಹರಿಯುತ್ತಿದ್ದರೆ ಪಾಚಿ ಕಟ್ಟುವುದಿಲ್ಲ, ನಿಂತರೆ ಕಟ್ಟುತ್ತದೆ ಅಲ್ವಾ, ಹಾಗೆ. ಪದೇ ಪದೇ ಈ ಸೋಂಕು ಆಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿದವರಲ್ಲಿ ಸೋಂಕು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ಇನ್ನೊಂದು ವಿಷಯ. ಸೀಟು ಮುಟ್ಟಿದರೆ ಉರಿಮೂತ್ರ ಬರುತ್ತದೆ ಅಂತ ಹೆದರಿ ನಮ್ಮಲ್ಲಿ ತುಂಬ ಜನ ಅರ್ಧ ಬಗ್ಗಿ, ಗಾಳಿಯಲ್ಲೇ ನಿಂತು ಮುಗಿಸುತ್ತಾರೆ. ಉರಿಮೂತ್ರ ಸೀಟಿನಿಂದ ಬರುವುದಿಲ್ಲ. ಬದಲಿಗೆ ಹಾಗೆ ಬಗ್ಗಿ ನಿಂತಾಗ ಕೆಳಹೊಟ್ಟೆಯ ಸ್ನಾಯುಗಳು ಬಿಗಿಯಾಗೇ ಇರುತ್ತವೆ, ಮೂತ್ರಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಅಸಹ್ಯ ಅನ್ನಿಸಿದರೆ ಸೀಟಿನ ಮೇಲೆ ಕಾಗದ ಹಾಸಿ, ಇಲ್ಲವೇ ಒರೆಸಿ, ಆರಾಮಾಗಿ ಕೂತುಕೊಳ್ಳಿ. ಸೀಟಿನ ಮೇಲೆ ಹತ್ತಿ ಕುಕ್ಕರಗಾಲಲ್ಲಿ ಮಾತ್ರ ಕೂರಬೇಡಿ. ಪಿಂಗಾಣಿ ಆ ಭಾರಕ್ಕೆ ಮಾಡಿದ್ದಲ್ಲ. ಒಡೆದರೆ ಅದರ ಚೂರು ಚಾಕುವಿನಷ್ಟು ಹರಿತ.

## 'ಒಣ ಬಾತ್‌ರೂಮು' ಅಂದರೆ ಏನು

ಈಗ ಅತ್ತೆಯ ಪ್ರಶ್ನೆಗೆ ಬರೋಣ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಇಲ್ಲೆಲ್ಲ ಕಮೋಡಿನ ಪಕ್ಕ ನೀರಿನ ಪೈಪು ಇರುವುದಿಲ್ಲ, ನಲ್ಲಿ ಇಲ್ಲ, ಮಗ್ಗೂ ಇಲ್ಲ. ಇರುವುದು ಕಾಗದದ ಸುರುಳಿ ಒಂದೇ. ಕೈ ತೊಳೆಯುವ ಬೇಸಿನ್ ಹೆಚ್ಚಿನ ಕಡೆ ಬಾಗಿಲಿನ ಆಚೆ ಇರುತ್ತದೆ.

ಆದರೆ ನಿಜವಾದ ವ್ಯತ್ಯಾಸ ನೆಲದಲ್ಲಿದೆ. ನಮ್ಮ ಮನೆಯ ಬಾತ್‌ರೂಮಿನ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಮೂಲೆಯಲ್ಲಿ ಜಾಲರಿ ಹಾಕಿದ ತೂತು ಇರುತ್ತದೆ. ಎಷ್ಟು ನೀರು ಚೆಲ್ಲಿದರೂ ಹರಿದು ಹೋಗುತ್ತದೆ. ಅಲ್ಲಿನ ಎಷ್ಟೋ ಟಾಯ್ಲೆಟ್ಟುಗಳ ನೆಲದಲ್ಲಿ ಆ ತೂತೇ ಇರುವುದಿಲ್ಲ. ಕೆಲವು ಮನೆಗಳಲ್ಲಿ ಮರದ ನೆಲ, ಕೆಲವು ಕಡೆ ಕಾರ್ಪೆಟ್ ಕೂಡ ಇರುತ್ತದೆ. ಅಲ್ಲಿ ಚೊಂಬಿನಲ್ಲಿ ನೀರು ಸುರಿದುಕೊಂಡರೆ ನಮ್ಮ ನಡುಮನೆಯಲ್ಲಿ ಕೊಡ ಬೋರಲು ಹಾಕಿದ ಹಾಗೆ. ನೀರು ಹೋಗಲು ದಾರಿಯೇ ಇರುವುದಿಲ್ಲ, ಕೆಳಗಿನ ಮನೆಯ ಚಾವಣಿಗೆ ಇಳಿಯುವುದೂ ಉಂಟು. ಹೋಟೆಲಿನಲ್ಲಿ ಸ್ನಾನ ಮಾಡುವಾಗಲೂ ಇದನ್ನು ನೆನಪಿಡಿ: ಟಬ್ಬಿನ ಒಳಗೇ ನಿಲ್ಲಬೇಕು, ಪರದೆಯ ತುದಿ ಟಬ್ಬಿನ ಒಳಕ್ಕೆ ಬಿಡಬೇಕು.

ಹಾಗಾದರೆ ನೀರು ಬೇಕೇ ಬೇಕು ಅನ್ನುವವರು ಏನು ಮಾಡಬೇಕು? ಒಂದು ಬಾಟಲಿ ಇಟ್ಟುಕೊಳ್ಳಿ, ಅಷ್ಟೇ. ಅರ್ಧ ಲೀಟರಿನ ಸಾಮಾನ್ಯ ಬಾಟಲಿ ಸಾಕು. ಒತ್ತಿದರೆ ಸಣ್ಣ ಕೊಳವೆಯಿಂದ ನೀರು ಚಿಮ್ಮುವ, ಇದಕ್ಕೆಂದೇ ಮಾಡಿದ ಬಾಟಲಿಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಒಳಗೆ ಹೋಗುವ ಮುಂಚೆಯೇ ಬೇಸಿನ್ನಿನಲ್ಲಿ ತುಂಬಿಸಿಕೊಳ್ಳಿ. ಯಾರೂ ಏನೂ ಕೇಳುವುದಿಲ್ಲ, ಕುಡಿಯುವ ಬಾಟಲಿ ತುಂಬಿಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಕಮೋಡಿನ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಕೂತು, ನೀರು ಪೂರ್ತಿ ಕಮೋಡಿನ ಒಳಗೇ ಬೀಳುವ ಹಾಗೆ ನಿಧಾನ ಹಾಕಿಕೊಳ್ಳಿ. ಆಮೇಲೆ ಕಾಗದದಲ್ಲಿ ಒರೆಸಿಕೊಳ್ಳಿ, ಮುಂದಿನಿಂದ ಹಿಂದಕ್ಕೆ. ನಮ್ಮ ಅಭ್ಯಾಸದಲ್ಲಿ ಒರೆಸಿಕೊಳ್ಳುವ ಹಂತವೇ ಇಲ್ಲದ ಕಾರಣ ಇದು ಮರೆತುಹೋಗುತ್ತದೆ. ಅಲ್ಲಿನ ಚಳಿಗೆ ಒದ್ದೆ ಬಟ್ಟೆಯಲ್ಲಿ ದಿನವಿಡೀ ತಿರುಗುವುದು ಹಿಂಸೆ. ಸೀಟಿನ ಮೇಲೆ, ನೆಲದ ಮೇಲೆ ಒಂದು ಹನಿ ಬಿದ್ದರೂ ಒರೆಸಿ ಬನ್ನಿ. ಮುಂದೆ ಬರುವವರಿಗೆ ಅದು ನೀರೋ ಇನ್ನೇನೋ ಗೊತ್ತಾಗುವುದಿಲ್ಲ, ಅಲ್ವಾ.

ಒದ್ದೆ ವೈಪ್ಸ್ ಒಯ್ಯಬಹುದು. ಆದರೆ ಬಳಸಿದ ಮೇಲೆ ಕಸದ ಡಬ್ಬಕ್ಕೇ ಹಾಕಬೇಕು, ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ಸರಿ. ಟಾಯ್ಲೆಟ್ ಕಾಗದ ನೀರಿನಲ್ಲಿ ಹಾಕಿದ ತಕ್ಷಣ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ವೈಪ್ಸ್ ಬಟ್ಟೆಯ ಹಾಗೆ ಉಳಿಯುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಚರಂಡಿಯಲ್ಲಿ ಜಿಡ್ಡು, ವೈಪ್ಸ್, ಪ್ಯಾಡು, ಡಯಾಪರ್ ಎಲ್ಲ ಸೇರಿ ಗಟ್ಟಿಯಾದ ಒಂದು ಮುದ್ದೆ ಸಿಕ್ಕಿತ್ತು. 250 ಮೀಟರ್ ಉದ್ದ, 130 ಟನ್ ತೂಕ. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು.

ನೀರು ಸಿಗುವ ದೇಶಗಳೂ ಇವೆ, ನಮ್ಮವರಿಗೆ ಇದು ಗೊತ್ತಿರುವುದು ಕಡಿಮೆ. ಫಿನ್‌ಲೆಂಡಿನಲ್ಲಿ ನಮ್ಮ ಹಾಗೇ ಕೈಯಲ್ಲಿ ಹಿಡಿಯುವ ಪೈಪು ಮನೆ ಮನೆಯಲ್ಲೂ ಇದೆ, ಸಾರ್ವಜನಿಕ ಟಾಯ್ಲೆಟ್ಟುಗಳಲ್ಲೂ ಎಷ್ಟೋ ಕಡೆ ಇದೆ. ಗಲ್ಫ್ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಕಡೆಯೂ ಪೈಪು ಮಾಮೂಲು. ಟರ್ಕಿಯಲ್ಲಿ ಕಮೋಡಿನ ಒಳಗೇ ಹಿಂಬದಿಯಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ, ಪಕ್ಕದ ಗೋಡೆಯ ನಲ್ಲಿ ತಿರುಗಿಸಿದರೆ ನೀರು ಚಿಮ್ಮುತ್ತದೆ. ನಲ್ಲಿಯನ್ನು ಮೆಲ್ಲಗೆ ತಿರುಗಿಸಿ, ಒಮ್ಮೆಲೇ ಬಿಟ್ಟರೆ ಬಟ್ಟೆ ಎಲ್ಲ ಒದ್ದೆ.

ಇಟಲಿಯ ಕಥೆಯೇ ಬೇರೆ. ಅಲ್ಲಿ ಕಮೋಡಿನ ಪಕ್ಕ ಅದೇ ಎತ್ತರದ ಇನ್ನೊಂದು ಬೇಸಿನ್ ಇರುತ್ತದೆ. ಅದರ ಹೆಸರು ಬಿಡೆ. ಪ್ರತಿ ಮನೆಯಲ್ಲಿ ಕಡೇ ಪಕ್ಷ ಒಂದು ಬಾತ್‌ರೂಮಿನಲ್ಲಾದರೂ ಬಿಡೆ ಇರಬೇಕು ಅಂತ 1975ರಲ್ಲಿ ಸರ್ಕಾರವೇ ನಿಯಮ ಮಾಡಿದೆ. ಹಾಗಾಗಿ ಹೋಟೆಲುಗಳಲ್ಲೂ ಸಿಗುತ್ತದೆ. ನಮ್ಮವರು ಕೆಲವರು ಅದನ್ನು ಕಾಲು ತೊಳೆಯಲು ಅಂದುಕೊಳ್ಳುತ್ತಾರೆ. ಕಮೋಡಿನಲ್ಲಿ ಮುಗಿಸಿ, ಬಿಡೆಯ ಮೇಲೆ ಕೂತು, ಅದರ ನಲ್ಲಿ ಬಿಟ್ಟುಕೊಂಡು ಸೋಪು ಹಾಕಿ ತೊಳೆದುಕೊಳ್ಳುವುದು ಅದರ ಕ್ರಮ. ನಲ್ಲಿ ತಿರುಗಿಸುವ ಮುಂಚೆ ಒಂದು ಎಚ್ಚರಿಕೆ: ಇಟಲಿಯಲ್ಲಿ, ಫ್ರಾನ್ಸಿನಲ್ಲಿ ನಲ್ಲಿಯ ಮೇಲೆ ಇಂಗ್ಲಿಷಿನ 'ಸಿ' ಅಕ್ಷರ ಇದ್ದರೆ ಅದು ತಣ್ಣೀರಲ್ಲ, ಬಿಸಿನೀರು. ಇಟಾಲಿಯನ್ನಿನಲ್ಲಿ ಕಾಲ್ದೊ, ಫ್ರೆಂಚಿನಲ್ಲಿ ಶೋ, ಎರಡೂ ಬಿಸಿಯೇ. ತಣ್ಣೀರಿಗೆ 'ಎಫ್'.

## ಕಾಗದ ಕಮೋಡಿಗೋ, ಡಬ್ಬಕ್ಕೋ?

ಮೇಲೆ ಹೇಳಿದ ಒಣ ಬಾತ್‌ರೂಮಿನ ದೇಶಗಳಲ್ಲಿ, ಜಪಾನಿನಲ್ಲೂ, ಟಾಯ್ಲೆಟ್ ಕಾಗದವನ್ನು ಕಮೋಡಿಗೇ ಹಾಕಿ ಫ್ಲಶ್ ಮಾಡಬೇಕು. ಡಬ್ಬಕ್ಕೆ ಹಾಕಿದರೆ ಅವರಿಗೆ ಅಸಹ್ಯ. ಗ್ರೀಸಿನಲ್ಲಿ, ಟರ್ಕಿಯ ಹಲವು ಕಡೆ ಇದು ಪೂರ್ತಿ ಉಲ್ಟಾ. ಅಲ್ಲಿನ ಚರಂಡಿ ಪೈಪುಗಳು ಕಾಗದ ಸರಾಗವಾಗಿ ಹೋಗುವಷ್ಟು ದೊಡ್ಡವಲ್ಲ. ಹಾಗಾಗಿ ಪಕ್ಕದಲ್ಲಿ ಮುಚ್ಚಳವಿರುವ ಡಬ್ಬ ಇಟ್ಟಿರುತ್ತಾರೆ, ಕಾಗದ ಅದಕ್ಕೇ ಹೋಗಬೇಕು. ಚೀನಾದಲ್ಲೂ ಡಬ್ಬ ಕಾಣುತ್ತದೆ. ಅಲ್ಲಿ ಇನ್ನೊಂದು ವಿಷಯ, ಕಾಗದ ಒಳಗೆ ಇರದೆ ಹೊರಗಿನ ಗೋಡೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಸುರುಳಿ ಇರಬಹುದು, ಇಲ್ಲದೆಯೂ ಇರಬಹುದು. ನಿಮ್ಮದೇ ಟಿಶ್ಯೂ ಇಟ್ಟುಕೊಳ್ಳಿ. ಯಾವ ದೇಶವಾದರೂ ಕೂರುವ ಮುಂಚೆ ಗೋಡೆಯ ಮೇಲಿನ ಚಿತ್ರ ನೋಡುವುದು ಒಳ್ಳೆಯದು, ಅಲ್ಲಿನ ಪದ್ಧತಿ ಏನೆಂದು ಅದರಲ್ಲೇ ಇರುತ್ತದೆ.

## ದುಡ್ಡು, ಚಿಲ್ಲರೆ, ಗೇಟು

ಯುರೋಪಿನ ಎಷ್ಟೋ ಕಡೆ ಟಾಯ್ಲೆಟ್ಟಿಗೆ ದುಡ್ಡು ಕೊಡಬೇಕು. ನಮ್ಮ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲೂ ಐದು ರೂಪಾಯಿ, ಹತ್ತು ರೂಪಾಯಿ ಕೊಡುತ್ತೇವಲ್ಲ, ಅದೇ ಲೆಕ್ಕ. ಆದರೆ ನೂರು ರೂಪಾಯಿ ಅಂದಾಗ ನಮ್ಮ ಜೀವ ಹಿಡಿಯುತ್ತದೆ. ಜರ್ಮನಿಯ ಹೆದ್ದಾರಿಗಳಲ್ಲಿ ಸಾನಿಫೇರ್ ಅನ್ನುವ ಟಾಯ್ಲೆಟ್ಟುಗಳಿವೆ, ಮೆಟ್ರೋ ಸ್ಟೇಷನ್ನಿನ ಹಾಗೆ ಗೇಟು ಇರುತ್ತದೆ. 2022ರ ಕೊನೆಯಲ್ಲಿ ಅದರ ದರ 70 ಸೆಂಟಿನಿಂದ 1 ಯೂರೋಗೆ ಏರಿತು. ಆ ಒಂದು ಯೂರೋಗೆ ಒಂದು ಚೀಟಿ ಕೊಡುತ್ತಾರೆ, ಬಿಸಾಡಬೇಡಿ. ಅಲ್ಲೇ ಅಂಗಡಿಯಲ್ಲಿ ಕಾಫಿಯೋ ಬಿಸ್ಕತ್ತೋ ಕೊಂಡರೆ ಅಷ್ಟು ಕಡಿಮೆಯಾಗುತ್ತದೆ. ಕೆಲವು ಕಡೆ ಗೇಟು ಇರುವುದಿಲ್ಲ, ಬಾಗಿಲ ಹತ್ತಿರ ಒಂದು ತಟ್ಟೆ ಇಟ್ಟುಕೊಂಡು ಸ್ವಚ್ಛ ಮಾಡುವವರು ಕೂತಿರುತ್ತಾರೆ. ಅದಕ್ಕೆ ಅರ್ಧ ಯೂರೋ ಹಾಕಿದರೆ ಆಯಿತು.

ಸ್ವಿಟ್ಜರ್ಲೆಂಡಿನ ದೊಡ್ಡ ರೈಲು ನಿಲ್ದಾಣಗಳಲ್ಲೂ ಕಾಸು ಕೊಡಬೇಕು. ಅಲ್ಲಿ ಯೂರೋ ಅಲ್ಲ, ಫ್ರಾಂಕ್. ಆದರೆ ರೈಲಿನ ಒಳಗಿನ ಟಾಯ್ಲೆಟ್ ಉಚಿತ, ಸಾಮಾನ್ಯವಾಗಿ ಚೊಕ್ಕಟವಾಗಿಯೂ ಇರುತ್ತದೆ, ಹಾಗಾಗಿ ಇಳಿಯುವ ಮುಂಚೆ ಅಲ್ಲೇ ಹೋಗಿಬನ್ನಿ. ಬ್ರಿಟನ್ನಿನಲ್ಲಿ ಲಂಡನ್ ಕಿಂಗ್ಸ್ ಕ್ರಾಸ್‌ನಂಥ ದೊಡ್ಡ ರೈಲು ನಿಲ್ದಾಣಗಳು 2019ರಲ್ಲಿ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದವು.

ಪ್ಯಾರಿಸ್ಸಿನ ಬೀದಿಗಳಲ್ಲಿ ಸಾನಿಸೆಟ್ ಅನ್ನುವ ಬೂದು ಬಣ್ಣದ ಗೂಡುಗಳು ಕಾಣುತ್ತವೆ, ಊರಿಡೀ ನಾನೂರರಷ್ಟಿವೆ, 2006ರಿಂದ ಉಚಿತ. ಇದನ್ನು ಬಳಸುವ ಕ್ರಮ ಗೊತ್ತಿರಲೇಬೇಕು. ಒಬ್ಬರು ಹೊರಗೆ ಬಂದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡು, ಒಳಗೆ ಯಂತ್ರವೇ ನೀರು ಹಾಯಿಸಿ ತೊಳೆಯುತ್ತದೆ. ಆ ಮೇಲೆ ಹಸಿರು ದೀಪ ಬಂದಾಗ ಗುಂಡಿ ಒತ್ತಿ ಹೋಗಬೇಕು. ಅವರು ಬಂದ ಬಾಗಿಲಲ್ಲೇ ನೀವು ನುಗ್ಗಿದರೆ, ಯಂತ್ರಕ್ಕೆ ನೀವು ಹೊಸಬರು ಅಂತ ಗೊತ್ತಾಗುವುದಿಲ್ಲ. ಸುಮ್ನೆ ಒಂದು ನಿಮಿಷ ಕಾಯಿರಿ.

ಅಮೆರಿಕದಲ್ಲಿ ಟಾಯ್ಲೆಟ್ಟಿಗೆ ದುಡ್ಡಿಲ್ಲ, ಅದಕ್ಕೆ ಕಾರಣ ಹೆಂಗಸರು. ಮೊದಲು ಅಲ್ಲೂ ಕಾಸು ಹಾಕಿದರೆ ತೆರೆಯುವ ಬಾಗಿಲುಗಳಿದ್ದವು. ಗಂಡಸರು ನಿಂತು ಮಾಡುವ ಜಾಗಕ್ಕೆ ದುಡ್ಡಿರಲಿಲ್ಲ, ಬಾಗಿಲಿರುವ ಟಾಯ್ಲೆಟ್ಟಿಗೆ ಇತ್ತು. ಅಂದರೆ ಪ್ರತಿ ಸಲವೂ ಕಾಸು ತೆರಬೇಕಾದವರು ಹೆಂಗಸರೇ. 1969ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯು ಶಾಸನಸಭೆಯ ಮೆಟ್ಟಿಲ ಮೇಲೆ, ಸರಪಳಿ ಸುತ್ತಿದ ಕಮೋಡೊಂದನ್ನು ಸುತ್ತಿಗೆಯಿಂದ ಒಡೆದು ಪ್ರತಿಭಟಿಸಿದರು. 1973ರಲ್ಲಿ ಶಿಕಾಗೋ ನಗರ ದುಡ್ಡಿನ ಟಾಯ್ಲೆಟ್ಟನ್ನು ನಿಷೇಧಿಸಿತು, ಆಮೇಲೆ ಒಂದೊಂದಾಗಿ ಬೇರೆ ಕಡೆಯೂ ಹೋಯಿತು. ಇದರ ಇನ್ನೊಂದು ಮುಖ ಏನೆಂದರೆ, ಊರೊಳಗೆ ರಸ್ತೆಬದಿಯ ಟಾಯ್ಲೆಟ್ಟೇ ಅಪರೂಪ. ಅಂಗಡಿ, ಗ್ರಂಥಾಲಯ, ಪೆಟ್ರೋಲ್ ಬಂಕ್ ಹುಡುಕಬೇಕು. ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಲ್ಲಿ 2018ರಿಂದ ಏನೂ ಕೊಳ್ಳದವರಿಗೂ ಟಾಯ್ಲೆಟ್ ತೆರೆದಿತ್ತು, 2025ರ ಜನವರಿಯಲ್ಲಿ ಆ ಪದ್ಧತಿ ನಿಂತಿತು.

## ಎಲ್ಲಿ ಸಿಗುತ್ತದೆ, ಹೇಗೆ ಕೇಳುವುದು

ಅರ್ಜೆಂಟ್ ಆದ ಮೇಲೆ ಹುಡುಕುವುದಲ್ಲ, ಸಿಕ್ಕಾಗ ಹೋಗಿಬರುವುದು. ಮ್ಯೂಸಿಯಂ, ಊಟದ ಹೋಟೆಲ್, ದೊಡ್ಡ ಬಟ್ಟೆ ಅಂಗಡಿ, ರೈಲು, ಇವುಗಳಿಂದ ಹೊರಡುವ ಮುಂಚೆ ಬೇಕೋ ಬೇಡವೋ ಒಮ್ಮೆ ಹೋಗಿ. ಜರ್ಮನಿಯ ಕೆಲವು ಊರುಗಳಲ್ಲಿ 'ನೆಟ್ಟೆ ಟಾಯ್ಲೆಟ್ಟೆ' ಅನ್ನುವ ಸ್ಟಿಕ್ಕರ್ ಅಂಟಿಸಿದ ಹೋಟೆಲು, ಅಂಗಡಿಗಳಿವೆ. ಏನೂ ಕೊಳ್ಳದೆ ಟಾಯ್ಲೆಟ್ ಬಳಸಬಹುದು ಅಂತ ಅದರ ಅರ್ಥ. 2000ದಲ್ಲಿ ಆಲೆನ್ ಅನ್ನುವ ಊರಿನಲ್ಲಿ ಶುರುವಾಯಿತು. ಅಂಗಡಿಯವರಿಗೆ ನಗರಸಭೆ ದುಡ್ಡು ಕೊಡುತ್ತದೆ, ಹಾಗಾಗಿ ಸಂಕೋಚ ಬೇಡ. ಆಸ್ಟ್ರೇಲಿಯಾದಲ್ಲಂತೂ ಇಡೀ ದೇಶದ ಸಾರ್ವಜನಿಕ ಟಾಯ್ಲೆಟ್ಟುಗಳ ನಕ್ಷೆಯನ್ನು ಸರ್ಕಾರವೇ ಮಾಡಿಟ್ಟಿದೆ. ಜಪಾನಿನಲ್ಲಿ ರೈಲು ನಿಲ್ದಾಣ, ಇಪ್ಪತ್ತನಾಲ್ಕು ಗಂಟೆಯ ಸಣ್ಣ ಅಂಗಡಿಗಳು ಕೈಬಿಡುವುದಿಲ್ಲ.

ಬಸ್ಸಿನ ಪ್ರವಾಸವಾದರೆ ಒಂದು ನಿಯಮ ಗೊತ್ತಿರಲಿ, ಮನಸ್ಸಿಗೆ ಧೈರ್ಯ ಬರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ಅದು ಕಾನೂನು. ಅದನ್ನು ಒಡೆದು ಒಮ್ಮೆ ಕಾಲು ಗಂಟೆ, ಆಮೇಲೆ ಅರ್ಧ ಗಂಟೆ ಅಂತ ತೆಗೆದುಕೊಳ್ಳುವುದೂ ಉಂಟು. ಮುಂದಿನ ನಿಲುಗಡೆ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ಕೇಳಿ. ಅದಕ್ಕೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪವೇ ನೀರು ಕುಡಿಯುತ್ತಿರಬಹುದು. ಗಂಟಲು ಒಣಗಿಸಿಕೊಂಡು ಕೂರಬೇಕಾಗಿಲ್ಲ. ತಡೆಯಲು ಆಗದಿದ್ದರೆ ನಿಲ್ಲಿಸಿ ಅಂತ ಬಾಯಿಬಿಟ್ಟು ಕೇಳಿ.

ಟಾಯ್ಲೆಟ್ ಅನ್ನುವ ಪದ ಹೆಚ್ಚುಕಡಿಮೆ ಎಲ್ಲ ಕಡೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ರೆಸ್ಟ್‌ರೂಮ್, ಕೆನಡಾದಲ್ಲಿ ವಾಶ್‌ರೂಮ್ ಅನ್ನುತ್ತಾರೆ. ಜರ್ಮನಿಯಲ್ಲಿ 'ವೆ-ತ್ಸೆ' ಅಂದರೆ ಸಾಕು, ಬೋರ್ಡಿನಲ್ಲಿ ಕಾಣುವ ಡಬ್ಲ್ಯೂ ಮತ್ತು ಸಿ ಅಕ್ಷರಗಳ ಜರ್ಮನ್ ಉಚ್ಚಾರಣೆ ಅದು. ಇಟಲಿ, ಸ್ಪೇನ್ ಎರಡೂ ಕಡೆ 'ಬಾನ್ಯೊ'. ಜಪಾನಿನಲ್ಲಿ 'ತೊಯ್ರೆ'.

ಬಾಗಿಲ ಮೇಲೆ ಲಂಗದ ಚಿತ್ರ ಇದ್ದರೆ ಸರಿ, ಬರೀ ಅಕ್ಷರ ಇದ್ದರೆ ತೊಂದರೆ. ಜರ್ಮನಿಯಲ್ಲಿ 'ಡಿ' ಅಂದರೆ ದಾಮೆನ್, ಅದು ನಮ್ಮದು. 'ಎಚ್' ಹೆಂಗಸರದ್ದಲ್ಲ, ಹೆರ್ರೆನ್, ಗಂಡಸರದ್ದು. ಇಟಲಿಯಲ್ಲಿ ಸಿನ್ಯೋರೆ ಅಂದರೆ ಹೆಂಗಸರು, ಸಿನ್ಯೋರಿ ಅಂದರೆ ಗಂಡಸರು. ಕೊನೆಯ ಅಕ್ಷರ ಇಂಗ್ಲಿಷಿನ 'ಇ' ಆದರೆ ಒಳಗೆ ಹೋಗಿ, 'ಐ' ಆದರೆ ನಿಲ್ಲಿ. ಪೋಲೆಂಡಿನಲ್ಲಿ ವೃತ್ತ ಹೆಂಗಸರಿಗೆ, ತ್ರಿಕೋನ ಗಂಡಸರಿಗೆ. ಟರ್ಕಿಯಲ್ಲಿ 'ಬಯ್' ಗಂಡಸರು, 'ಬಯಾನ್' ಹೆಂಗಸರು. ಐರ್ಲೆಂಡಿನಲ್ಲಿ 'ಎಂ' ಅಕ್ಷರದಿಂದ ಶುರುವಾಗುವ 'ಮ್ನಾ' ಅನ್ನುವುದೇ ಹೆಂಗಸರು, 'ಎಫ್'ನಿಂದ ಶುರುವಾಗುವ 'ಫಿರ್' ಗಂಡಸರು. ಇಂಗ್ಲಿಷ್ ಲೆಕ್ಕಕ್ಕೆ ಸರಿಯಾಗಿ ತಿರುಗುಮುರುಗು. ಕೆಲವು ಕಡೆ, ಸ್ವೀಡನ್ನಿನಲ್ಲಿ ಜಾಸ್ತಿ, ಹೆಣ್ಣು ಗಂಡು ಎಲ್ಲರಿಗೂ ಒಂದೇ ಟಾಯ್ಲೆಟ್. ಅಂಥ ಕಡೆ ಗಂಡಸರು ಹೊರಗೆ ಬಂದರೆ ಗಾಬರಿಯಾಗಬೇಡಿ. ಒಂದೊಂದು ಕೋಣೆಗೂ ಪೂರ್ತಿ ಗೋಡೆ, ಗಟ್ಟಿ ಬಾಗಿಲು ಇರುತ್ತದೆ.

## ಒಳಗೆ ಹೋದ ಮೇಲೆ

ಮೊದಲು ಚಿಲಕ, ಆಮೇಲೆ ಕಾಗದ ಇದೆಯಾ, ಆಮೇಲೆ ಫ್ಲಶ್ ಎಲ್ಲಿದೆ. ಕೂರುವ ಮುಂಚೆ ಈ ಮೂರು ನೋಡಿ. ಫ್ಲಶ್ ಗೋಡೆಯ ಮೇಲಿನ ಅಗಲ ಹಲಗೆಯಾಗಿರಬಹುದು, ಅದರಲ್ಲಿ ಎರಡು ಭಾಗ ಇದ್ದರೆ ಚಿಕ್ಕದು ಕಡಿಮೆ ನೀರಿಗೆ, ದೊಡ್ಡದು ಜಾಸ್ತಿ ನೀರಿಗೆ. ಮೇಲಿಂದ ನೇತಾಡುವ ಸರಪಳಿ ಇರಬಹುದು, ಕಾಲಲ್ಲಿ ಒತ್ತುವ ಪೆಡಲ್ ಇರಬಹುದು. ಏನೂ ಕಾಣದಿದ್ದರೆ ಗೋಡೆಯಲ್ಲಿ ಕಪ್ಪು ಕಣ್ಣಿನಂಥ ಸೆನ್ಸರ್ ಹುಡುಕಿ, ಅದರ ಮುಂದೆ ಕೈ ಆಡಿಸಿ. ಕೆಂಪು ದಾರ ನೇತಾಡುತ್ತಿದ್ದರೆ ಮಾತ್ರ ಎಳೆಯಬೇಡಿ, ಬ್ರಿಟನ್ನಿನಲ್ಲಿ ಅದು ಸಹಾಯಕ್ಕೆ ಕರೆಯುವ ದಾರ. ದೀಪ ತಾನಾಗಿ ಆರಿದರೆ ಹೆದರಬೇಡಿ. ಚಲನೆ ಇದ್ದರೆ ಉರಿಯುವ ದೀಪ ಅದು, ಕೈ ಎತ್ತಿ ಬೀಸಿದರೆ ಮತ್ತೆ ಹತ್ತುತ್ತದೆ.

ಅಮೆರಿಕದಲ್ಲಿ ಮೂರು ವಿಷಯ ನಮ್ಮವರನ್ನು ಕಂಗಾಲು ಮಾಡುತ್ತವೆ. ಬಾಗಿಲಿನ ಅಂಚಿನಲ್ಲಿ ಬೆರಳಗಲ ಸಂದಿ, ಕೆಳಗೆ ಮೊಣಕಾಲಿನವರೆಗೆ ಖಾಲಿ. ಅಲ್ಲಿ ಯಾರೂ ಇಣುಕುವುದಿಲ್ಲ, ಎಲ್ಲ ಕಡೆ ಹಾಗೇ ಇರುವುದರಿಂದ ಜನಕ್ಕೆ ಅಭ್ಯಾಸವಾಗಿದೆ. ಮುಜುಗರವಾದರೆ ಸಂದಿಗೆ ಒಂದು ಶಾಲು ಇಳಿಬಿಡಿ. ಎರಡನೆಯದು, ಕಮೋಡಿನಲ್ಲಿ ನೀರು ತುಂಬ ಮೇಲಿನವರೆಗೂ ನಿಂತಿರುತ್ತದೆ. ಕಟ್ಟಿಕೊಂಡಿದೆ ಅಂದುಕೊಳ್ಳಬೇಡಿ, ಅಲ್ಲಿನ ಕಮೋಡಿನ ರಚನೆಯೇ ಹಾಗೆ. ಮೂರನೆಯದು, ನೀವು ಕೂತಿರುವಾಗಲೇ ತಾನಾಗಿ ಫ್ಲಶ್ ಆಗುವುದು. ಸೆನ್ಸರಿನ ಮೇಲೆ ಒಂದು ತುಂಡು ಕಾಗದ ನೇತುಹಾಕಿ ಕೂತರೆ ಅದು ಸುಮ್ಮನಿರುತ್ತದೆ.

ಸೀರೆ ಉಟ್ಟವರಿಗೆ ಒಂದು ಮಾತು: ಕೋಣೆಗಳು ಇಕ್ಕಟ್ಟು, ಬಾಗಿಲು ಎಷ್ಟೋ ಕಡೆ ಒಳಕ್ಕೆ ತೆರೆಯುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಹೋಗಿ. ಬ್ಯಾಗು ತೂಗುಹಾಕುವ ಕೊಕ್ಕೆ ಸಾಮಾನ್ಯವಾಗಿ ಬಾಗಿಲ ಹಿಂದೆ ಇರುತ್ತದೆ. ಕೊರಳಿಗೆ ಅಡ್ಡ ಹಾಕುವ ಸಣ್ಣ ಬ್ಯಾಗಾದರೆ ಪಾಸ್‌ಪೋರ್ಟ್ ಮೈಮೇಲೇ ಇರುತ್ತದೆ.

## ಜಪಾನಿನ ಗುಂಡಿಗಳು

ನೀರು ಬೇಕು ಅನ್ನುವ ನಮ್ಮ ಹೆಂಗಸರಿಗೆ ಜಪಾನ್ ಸ್ವರ್ಗ, ಗುಂಡಿಗಳ ಅರ್ಥ ಗೊತ್ತಿದ್ದರೆ. ಟೋಟೋ ಕಂಪನಿ 1980ರಲ್ಲಿ ವಾಶ್‌ಲೆಟ್ ಅನ್ನುವ ಸೀಟು ಮಾರಲು ಶುರುಮಾಡಿತು. ಕೂತಲ್ಲೇ ಬೆಚ್ಚಗಿನ ನೀರು ಚಿಮ್ಮುತ್ತದೆ. ಈಗ ಹೋಟೆಲು, ಅಂಗಡಿ, ನಿಲ್ದಾಣ ಎಲ್ಲ ಕಡೆ ಈ ಬಗೆಯವೇ. ಒಂದೊಂದು ಕಂಪನಿಯದು ಒಂದೊಂದು ಚಿತ್ರ ಇದ್ದದ್ದರಿಂದ ಹೊರಗಿನವರಿಗೆ ಗೊಂದಲವಾಗುತ್ತಿತ್ತು. 2017ರಲ್ಲಿ ಅಲ್ಲಿನ ತಯಾರಕರ ಸಂಘ ಎಲ್ಲರಿಗೂ ಒಂದೇ ಬಗೆಯ ಎಂಟು ಚಿಹ್ನೆ ಗೊತ್ತುಮಾಡಿತು. ಕೂತ ಹೆಂಗಸಿನ ಚಿತ್ರದ ಕೆಳಗೆ ಕಾರಂಜಿ ಇದ್ದರೆ ಮುಂದಿನ ಭಾಗ ತೊಳೆಯಲು. ಬರೀ ಕುಂಡಿಯ ಆಕಾರದ ಕೆಳಗೆ ಕಾರಂಜಿ ಇದ್ದರೆ ಹಿಂದಿನ ಭಾಗಕ್ಕೆ. ಎಲ್ಲಕ್ಕಿಂತ ಮುಖ್ಯವಾದದ್ದು ಚೌಕದ ಗುರುತಿನ ನಿಲ್ಲಿಸುವ ಗುಂಡಿ. ಅದನ್ನು ಒತ್ತದೆ ಗಾಬರಿಯಲ್ಲಿ ಎದ್ದು ನಿಂತರೆ ನೀರು ಬಾಗಿಲಿಗೆ ಹಾರಬಹುದು. ತೊಳೆಯುವ ಗುಂಡಿಗೂ ಫ್ಲಶ್ಶಿಗೂ ಸಂಬಂಧವಿಲ್ಲ, ಫ್ಲಶ್ ಬೇರೆಯೇ ಇರುತ್ತದೆ.

ಇನ್ನೊಂದು ಗುಂಡಿಯಲ್ಲಿ ಸಂಗೀತದ ಗುರುತು ಇರುತ್ತದೆ. ಅದನ್ನು ಒತ್ತಿದರೆ ನೀರು ಹರಿಯುವ ಸದ್ದು ಬರುತ್ತದೆ, ನೀರು ಬರುವುದಿಲ್ಲ. ತಮ್ಮ ಸದ್ದು ಹೊರಗೆ ಕೇಳಬಾರದು ಅಂತ ಅಲ್ಲಿನ ಹೆಂಗಸರು ಸುಮ್ನೆ ಮತ್ತೆ ಮತ್ತೆ ಫ್ಲಶ್ ಮಾಡಿ ನೀರು ಪೋಲಾಗುತ್ತಿತ್ತು. ಅದಕ್ಕೆ 1988ರಲ್ಲಿ ಟೋಟೋ 'ಓಟೋಹಿಮೆ' ಅನ್ನುವ ಈ ಸದ್ದಿನ ಯಂತ್ರ ತಂದಿತು. ನಾಚಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ ಅಂತ ಇದು ತಿಳಿದಾಗ ನನಗೆ ಒಂಥರಾ ಸಮಾಧಾನವಾಗಿತ್ತು.

ಹಳೆಯ ದೇವಸ್ಥಾನ, ಸಣ್ಣ ನಿಲ್ದಾಣಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ಟೂ ಇದೆ, ನಮ್ಮ ಇಂಡಿಯನ್ ಟಾಯ್ಲೆಟ್ಟಿನ ಹಾಗೇ. ಒಂದು ತುದಿಯಲ್ಲಿ ಅರ್ಧ ಗುಮ್ಮಟದಂಥ ಎತ್ತರ ಇರುತ್ತದೆ, ಆ ಕಡೆಗೆ ಮುಖ ಮಾಡಿ ಕೂರಬೇಕು. ಕೈ ಒರೆಸಲು ಕಾಗದ ಎಷ್ಟೋ ಕಡೆ ಇರುವುದಿಲ್ಲ, ಒಂದು ಕರವಸ್ತ್ರ ಇಟ್ಟುಕೊಂಡಿರಿ.

## ಮುಟ್ಟಿನ ದಿನಗಳಲ್ಲಿ

ಪ್ಯಾಡನ್ನು ಯಾವ ದೇಶದಲ್ಲೂ ಕಮೋಡಿಗೆ ಹಾಕುವಂತಿಲ್ಲ. ಹೆಚ್ಚಿನ ಕಡೆ ಪ್ರತಿ ಕೋಣೆಯೊಳಗೇ ಮುಚ್ಚಳದ ಸಣ್ಣ ಡಬ್ಬ ಇರುತ್ತದೆ, ಜರ್ಮನಿಯಲ್ಲಿ ಅದರ ಮೇಲೆ ಸುತ್ತಿ ಹಾಕಲು ಸಣ್ಣ ಚೀಲಗಳೂ ಇರುತ್ತವೆ. ಗಂಡು ಹೆಣ್ಣು ಇಬ್ಬರಿಗೂ ಒಂದೇ ಇರುವ ಟಾಯ್ಲೆಟ್ಟಿನಲ್ಲಿ ಡಬ್ಬ ಇರದೆ ಹೋಗಬಹುದು, ಹಾಗಾಗಿ ಎರಡು ಮೂರು ಕಪ್ಪು ಕವರ್ ಬ್ಯಾಗಿನಲ್ಲಿರಲಿ. ಊರಿಂದಲೇ ಸಾಕಾಗುವಷ್ಟು ಪ್ಯಾಡ್ ಒಯ್ಯಿರಿ. ಅಲ್ಲೂ ಸಿಗುತ್ತವೆ, ಆದರೆ ಟ್ಯಾಂಪೂನಿನ (ಪ್ಯಾಡಿನ ಬದಲು ಒಳಗೆ ಇಟ್ಟುಕೊಳ್ಳುವ ಹತ್ತಿಯ ಸುರುಳಿ) ಪೆಟ್ಟಿಗೆಗಳ ನಡುವೆ ಹುಡುಕಬೇಕು. ಜರ್ಮನಿಯಲ್ಲಿ 'ಬಿಂಡೆನ್' ಅಂತ ಕೇಳಿ, ಇಟಲಿಯಲ್ಲಿ 'ಅಸೊರ್ಬೆಂತಿ'. ಸ್ಕಾಟ್ಲೆಂಡಿನಲ್ಲಿ ಮುಟ್ಟಿನ ಸಾಮಗ್ರಿ ಬೇಕಾದವರಿಗೆಲ್ಲ ಉಚಿತವಾಗಿ ಸಿಗಬೇಕು ಅನ್ನುವ ಕಾನೂನು 2022ರ ಆಗಸ್ಟಿನಿಂದ ಜಾರಿಯಲ್ಲಿದೆ. ಮುಟ್ಟಿನ ಕಪ್ ಬಳಸುವವರಿಗೆ ಕಷ್ಟ ಬರುವುದು ಬೇಸಿನ್ ಹೊರಗಿರುವುದರಿಂದ. ಆ ನೀರಿನ ಬಾಟಲಿಯೇ ಇಲ್ಲೂ ಕೈಹಿಡಿಯುತ್ತದೆ, ಒಳಗೇ ತೊಳೆದುಕೊಳ್ಳಬಹುದು.

## ನಮ್ಮ ಸಾಲೇ ಯಾಕೆ ಉದ್ದ

ಎಲ್ಲ ದೇಶದಲ್ಲೂ ಹೆಂಗಸರ ಸಾಲು ಬಾಗಿಲು ದಾಟಿ ಹೊರಗೆ ಬಂದಿರುತ್ತದೆ, ಗಂಡಸರು ಹೋಗಿ ಬರುತ್ತಲೇ ಇರುತ್ತಾರೆ. ಇಬ್ಬರಿಗೂ ಒಂದೇ ಅಳತೆಯ ಜಾಗ ಕೊಟ್ಟರೆ ಸಮ ಆಗುವುದಿಲ್ಲ. ನಿಂತು ಮಾಡುವ ಜಾಗ ಸಣ್ಣದು, ಅಷ್ಟೇ ಗೋಡೆಗೆ ಜಾಸ್ತಿ ಕೂರಿಸಬಹುದು. ಹೆಂಗಸರಿಗೆ ಬಟ್ಟೆ ಬಿಚ್ಚಿ ಉಡಬೇಕು, ಮುಟ್ಟು ಇರುತ್ತದೆ, ಕೈಯಲ್ಲಿ ಮಗು ಇರುತ್ತದೆ, ಹೊತ್ತು ಹಿಡಿಯುತ್ತದೆ. ನ್ಯೂಯಾರ್ಕ್ ನಗರ 2005ರಲ್ಲಿ ಹೊಸ ನಾಟಕಮಂದಿರ, ಕ್ರೀಡಾಂಗಣಗಳಲ್ಲಿ ಗಂಡಸರದ್ದರ ಎರಡರಷ್ಟು ಹೆಂಗಸರ ಟಾಯ್ಲೆಟ್ ಇರಬೇಕು ಅಂತ ಕಾನೂನು ಮಾಡಿದ್ದು ಇದಕ್ಕೇ. ಆಂಸ್ಟರ್‌ಡ್ಯಾಮಿನಲ್ಲಿ ರಾತ್ರಿ ಎಲ್ಲೂ ಟಾಯ್ಲೆಟ್ ಸಿಗದೆ ರಸ್ತೆಬದಿಯಲ್ಲಿ ಕೂತ ಯುವತಿಗೆ 2015ರಲ್ಲಿ ದಂಡ ಬಿತ್ತು. 2017ರಲ್ಲಿ ಕೋರ್ಟು, ಗಂಡಸರು ನಿಂತು ಮಾಡುವ ಜಾಗವನ್ನೇ ಬಳಸಬಹುದಿತ್ತು ಅಂದಿತು. ಅಲ್ಲಿನ ಹೆಂಗಸರು ಸಿಟ್ಟಿನಿಂದ ಬೀದಿಗಿಳಿದರು. ನಮ್ಮ ಕೈಯಲ್ಲಿರುವುದು ಇಷ್ಟೇ: ನಾಟಕ, ಬೋಟಿನ ಸವಾರಿ, ಊಟದ ವಿರಾಮ ಇವುಗಳಿಗೆ ಐದು ನಿಮಿಷ ಮುಂಚೆ ಎದ್ದುಹೋಗುವುದು.

## ಬೆಂಗಳೂರಿಂದ ಹೊರಟಾಗ

ಬ್ಯಾಗಿಗೆ ಹಾಕಿಕೊಳ್ಳಬೇಕಾದ್ದು ಜಾಸ್ತಿ ಏನಿಲ್ಲ. ಖಾಲಿ ಬಾಟಲಿ, ಟಿಶ್ಯೂ, ವೈಪ್ಸ್, ಸಣ್ಣ ಟವೆಲ್, ಕವರ್, ಒಂದು ಜೊತೆ ಒಳಉಡುಪು, ಚಿಲ್ಲರೆಗೊಂದು ಪುಟ್ಟ ಪರ್ಸು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನೀರು ತುಂಬಿದ ಬಾಟಲಿ ಬಿಡುವುದಿಲ್ಲ, ಖಾಲಿ ಬಿಡುತ್ತಾರೆ, ದಾಟಿದ ಮೇಲೆ ತುಂಬಿಸಿಕೊಳ್ಳಿ.

ವಿಮಾನದ ಟಾಯ್ಲೆಟ್ಟಿನಲ್ಲಿ ಬಾಗಿಲು ನಡುವೆ ಮಡಚಿಕೊಳ್ಳುತ್ತದೆ, ಮಧ್ಯಕ್ಕೆ ತಳ್ಳಬೇಕು. ಚಿಲಕ ಪೂರ್ತಿ ಹಾಕಿದರೇನೇ ಒಳಗಿನ ದೀಪ ಜೋರಾಗಿ ಹತ್ತುವುದು. ಫ್ಲಶ್ ಒತ್ತಿದಾಗ ನೀರಿನ ಬದಲು ಗಾಳಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಸದ್ದು ಎದೆ ನಡುಗಿಸುವಷ್ಟಿರುತ್ತದೆ. ಎದ್ದು, ಮುಚ್ಚಳ ಹಾಕಿ ಒತ್ತಿ. ನೆಲ ಅಲ್ಲೂ ಒಣದೇ, ಬೇಸಿನ್ ಮಾತ್ರ ಪಕ್ಕದಲ್ಲೇ ಇರುವುದರಿಂದ ಬಾಟಲಿ ತುಂಬಿಸುವುದು ಸುಲಭ. ಬೇಸಿನ್ನಿನ ನೀರು ಕುಡಿಯಬೇಡಿ.

ಅತ್ತೆಯ ಟಿಕೆಟ್ ದುಬೈ ಮೇಲೆ ಹೋಗುತ್ತದೆ. ಅಲ್ಲಿ ವಿಮಾನ ಬದಲಿಸಲು ಮೂರು ಗಂಟೆ ಇದೆ. ದುಬೈ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಕಮೋಡಿನ ಪಕ್ಕ ಪೈಪು ಇರುತ್ತದೆ, ನಮ್ಮನೆಯಲ್ಲಿರುವ ಹಾಗೇ. ಮುಂದಿನ ವಿಮಾನ ಹತ್ತುವ ಅರ್ಧ ಗಂಟೆ ಮುಂಚೆ ಅಲ್ಲಿ ನಿಧಾನವಾಗಿ ಎಲ್ಲ ಮುಗಿಸಿಕೊಳ್ಳಿ, ಆಮೇಲೆ ಬಾಟಲಿ ತುಂಬಿಸಿಕೊಂಡು ಧಾರಾಳವಾಗಿ ನೀರು ಕುಡಿದು ಹತ್ತಿ ಅಂತ ಹೇಳಿದ್ದೇನೆ. ಓಡಾಡುವ ಸಾಲಿನ ಪಕ್ಕದ ಸೀಟನ್ನೇ ಗೊತ್ತುಮಾಡಪ್ಪಾ ಅಂತ ಮಗನಿಗೂ ಹೇಳಿದ್ದಾಗಿದೆ.